ಖಾಲಿಯಾಗದ ಗ್ಯಾಸ್

"ಗ್ಯಾಸ್ ಖಾಲಿಯಾಗಿದೆ ಅಮ್ಮ, ತುಂಬಿಸಬೇಕು."

"ಹೋದ ವರ್ಷ ಯುಗಾದಿ ಹತ್ರ ತಾನೇ ತುಂಬಿಸಿದ್ವಲ್ಲಪ್ಪ?"

"ಬಿಸಿಲು ಜಾಸ್ತಿ ಅಲ್ವಾ, ಜಾಸ್ತಿ ಓಡಿಸಿರ್ತೀರ."

ಏಪ್ರಿಲ್ ತಿಂಗಳ ಮಧ್ಯಾಹ್ನ ಬಾಗಲಗುಂಟೆಯ ಯಾವ ಬೀದಿಯಲ್ಲಾದರೂ ಕೇಳಬಹುದಾದ ಮಾತಿದು. ತುಮಕೂರು ರಸ್ತೆಯಿಂದ ಹೆಸರಘಟ್ಟದ ಕಡೆ ತಿರುಗಿದರೆ ಸಿಗುವ ಊರು. ಹತ್ತಿರದಲ್ಲೇ ಪೀಣ್ಯದ ಕಾರ್ಖಾನೆಗಳು. ಅಲ್ಲಿ ದುಡಿಯುವವರಿಗಾಗಿ ಎದ್ದ ಮೂರು ನಾಲ್ಕು ಮಹಡಿಯ ಮನೆಗಳು. ಬೇಸಿಗೆಯೆಲ್ಲ ಫ್ಯಾನಿನ ಗಾಳಿಯಲ್ಲೇ ಕಳೆಯುತ್ತಿದ್ದ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣತೆ 39.2 ಡಿಗ್ರಿ ಮುಟ್ಟಿತು. 2024ರ ಏಪ್ರಿಲ್ ಕೊನೆಗೆ ಮತ್ತೆ 38.5. ಕಾಂಕ್ರೀಟ್ ತಾರಸಿಯ ಕೆಳಗಿನ ಮೇಲ್ಮಹಡಿಯಲ್ಲಿ ಮಗುವನ್ನೋ ವಯಸ್ಸಾದ ತಾಯಿಯನ್ನೋ ಮಲಗಿಸಬೇಕಾದವರಿಗೆ ಎಸಿ ಈಗ ಶೋಕಿಯಲ್ಲ.

ಮೇಲಿನ ಮಾತಿನಲ್ಲಿ ಕೇಳಿದ ಪ್ರಶ್ನೆ ಸರಿ, ಕೊಟ್ಟ ಉತ್ತರ ತಪ್ಪು. ಎಸಿಯ ಗ್ಯಾಸ್ ಓಡಿಸಿದಷ್ಟೂ ಖರ್ಚಾಗುವುದಿಲ್ಲ. ಸ್ಕೂಟರಿಗೆ ಪೆಟ್ರೋಲು, ಒಲೆಗೆ ಸಿಲಿಂಡರು, ಹೀಗೆ 'ತುಂಬಿಸುವ' ವಸ್ತುಗಳೆಲ್ಲ ಉರಿದು ಮುಗಿಯುವಂಥವೇ ಆದ್ದರಿಂದ ಇದೂ ಹಾಗೇ ಇರಬೇಕೆಂದು ನಾವು ನಂಬಿಬಿಟ್ಟಿದ್ದೇವೆ. ಆದರೆ ಎಸಿಯೊಳಗೆ ಯಾವುದೂ ಉರಿಯುವುದಿಲ್ಲ. ತಾಮ್ರದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಒಂದೂವರೆ ಟನ್ನಿನ ಯಂತ್ರದಲ್ಲಿರುವುದು ಸುಮಾರು 800 ಗ್ರಾಂ. ಯಂತ್ರ ಪೂರ್ತಿ ದುಡಿಯುವಾಗ ಅಷ್ಟೂ ಗ್ಯಾಸ್ ಒಂದು ನಿಮಿಷದೊಳಗೇ ಒಂದು ಸುತ್ತು ಮುಗಿಸುತ್ತದೆ. ರಾತ್ರಿಯಿಡೀ ಓಡಿದರೆ ನೂರಾರು ಸುತ್ತು. ಬೆಳಗಾದಾಗಲೂ ಅದು 800 ಗ್ರಾಮೇ.

ಸಾಕ್ಷಿ ಅದೇ ಮನೆಯ ಅಡುಗೆಮನೆಯಲ್ಲಿದೆ. ಹದಿನೈದು ವರ್ಷದಿಂದ ಹಗಲೂ ರಾತ್ರಿ ಓಡುತ್ತಿರುವ ಫ್ರಿಜ್ಜಿಗೆ ಯಾರೂ ಗ್ಯಾಸ್ ತುಂಬಿಸಿರುವುದಿಲ್ಲ. ಎರಡರ ವಿಜ್ಞಾನವೂ ಒಂದೇ. ಫ್ರಿಜ್ ಕಾರ್ಖಾನೆಯಲ್ಲೇ ಕೊಳವೆಗಳೆಲ್ಲ ಬೆಸೆದುಕೊಂಡು, ಗ್ಯಾಸ್ ತುಂಬಿ, ಬಾಯಿ ಮುಚ್ಚಿ ಮನೆಗೆ ಬರುತ್ತದೆ. ಸ್ಪ್ಲಿಟ್ ಎಸಿ ಎರಡು ಭಾಗವಾಗಿ ಬಂದು, ನಮ್ಮ ಗೋಡೆಯ ಮೇಲೆ ಒಂದಾಗುತ್ತದೆ. ಒಳಗಿನ ಯೂನಿಟ್ಟಿಗೂ ಹೊರಗಿನ ಯೂನಿಟ್ಟಿಗೂ ನಡುವೆ ಎರಡು ತಾಮ್ರದ ಪೈಪು. ಒಂದೊಂದಕ್ಕೂ ಎರಡೆರಡು ತುದಿ. ಈ ನಾಲ್ಕು ಕಡೆ ಪೈಪಿನ ಬಾಯನ್ನು ತುತ್ತೂರಿಯಂತೆ ಅರಳಿಸಿ, ಹಿತ್ತಾಳೆಯ ನಟ್ಟಿನಿಂದ ಬಿಗಿಯುತ್ತಾರೆ. ಅದೇ ಫ್ಲೇರ್ ಜಾಯಿಂಟ್. ಯಂತ್ರದ ಸೀಲು ಪೂರ್ತಿಯಾಗುವುದು ಕಾರ್ಖಾನೆಯಲ್ಲಲ್ಲ, ಎರಡನೇ ಮಹಡಿಯ ಸಜ್ಜೆಯ ಮೇಲೆ ಒಂದು ಕಾಲಿಟ್ಟು ನಿಂತ ಹುಡುಗನ ಕೈಯಲ್ಲಿ. ಗ್ಯಾಸ್ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಕೊಡಕ್ಕೆ ನೀರು ಸುರಿಯುವ ಮೊದಲು ತೂತು ಎಲ್ಲಿದೆ ಎಂದು ನೋಡಬೇಕಲ್ಲವೆ?

ಆ 800 ಗ್ರಾಂ ಮಾಡುವ ಕೆಲಸವನ್ನು ಕಾಣಬೇಕಾದರೆ ಹತ್ತಿರದ ದರ್ಶಿನಿಯ ಹಿತ್ತಿಲಿಗೆ ಹೋಗಬೇಕು. ದೋಸೆ ಕಾವಲಿಗಳೆಲ್ಲ ಒಟ್ಟಿಗೆ ಉರಿಯುವ ಬೆಳಗಿನ ಹೊತ್ತು ದೊಡ್ಡ ಸಿಲಿಂಡರುಗಳ ಕೆಳಭಾಗ ಬೆವರಿರುತ್ತದೆ. ಒಮ್ಮೊಮ್ಮೆ ಬಿಳಿ ಹಿಮವೇ ಕಟ್ಟಿರುತ್ತದೆ. ಹುಡುಗರು ಅದರ ಮೇಲೆ ನೀರು ಸುರಿಯುತ್ತಾರೆ. ಬೆಂಕಿಗೆ ಗ್ಯಾಸ್ ಕೊಡುವ ಸಿಲಿಂಡರು ತಾನು ಮಾತ್ರ ಏಕೆ ತಣ್ಣಗಾಗುತ್ತದೆ? ಒಳಗಿರುವುದು ದ್ರವ. ಅದು ಕುದಿದು ಆವಿಯಾಗಿ ಹೊರಗೆ ಹೋಗಬೇಕು. ಕುದಿಯಲು ಶಾಖ ಬೇಕು. ಆ ಶಾಖವನ್ನು ಅದು ಸಿಲಿಂಡರಿನ ಉಕ್ಕಿನಿಂದಲೂ ಸುತ್ತಲ ಗಾಳಿಯಿಂದಲೂ ಎಳೆದುಕೊಳ್ಳುತ್ತದೆ. ಶಾಲೆಯಲ್ಲಿ ಓದಿದ ಗುಪ್ತೋಷ್ಣ ಇದೇ. ಸ್ಕಾಟ್‌ಲೆಂಡಿನ ವಿಲಿಯಂ ಕಲೆನ್ 1750ರ ದಶಕದಲ್ಲಿ ಈಥರಿನ ಮೇಲಿನ ಗಾಳಿಯನ್ನು ಪಂಪಿನಿಂದ ಹೀರಿ, ಅದನ್ನು ತಣ್ಣಗೇ ಕುದಿಸಿ, ನೀರನ್ನು ಮಂಜುಗಡ್ಡೆ ಮಾಡಿ ತೋರಿಸಿದ. ಎಸಿಯ ಮೂಲ ಅಲ್ಲಿದೆ.

ಕುದಿಯುವುದು ಎಂದರೆ ಬಿಸಿ ಎಂಬ ಅಭ್ಯಾಸವನ್ನು ಇಲ್ಲಿ ಬಿಡಬೇಕಾಗುತ್ತದೆ. ದ್ರವ ಯಾವ ಉಷ್ಣತೆಯಲ್ಲಿ ಕುದಿಯುತ್ತದೆ ಎಂಬುದನ್ನು ಅದರ ಮೇಲಿನ ಒತ್ತಡ ತೀರ್ಮಾನಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ. ನಮ್ಮ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡ ಏರಿಸಿದರೆ ಅದೇ ನೀರು 115-120 ಡಿಗ್ರಿಯವರೆಗೆ ಕುದಿಯದೆ ಕಾಯುತ್ತದೆ. ಇವತ್ತಿನ ಹೆಚ್ಚಿನ ಹೊಸ ಎಸಿಗಳಲ್ಲಿರುವ ಆರ್-32, ಅಂದರೆ ಡೈಫ್ಲೂರೋಮೀಥೇನ್, ಬಯಲಿನಲ್ಲಿ ಬಿಟ್ಟರೆ ಸೊನ್ನೆಗಿಂತ 51-52 ಡಿಗ್ರಿ ಕೆಳಗೇ ಕುದಿಯುವ ವಸ್ತು. ಒಳಗಿನ ಕಾಯಿಲಿನಲ್ಲಿ ಅದನ್ನು ವಾತಾವರಣದ ಒಂಬತ್ತು ಹತ್ತು ಪಟ್ಟು ಒತ್ತಡದಲ್ಲಿಟ್ಟರೆ 5ರಿಂದ 8 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಕೋಣೆಯ 30 ಡಿಗ್ರಿ ಗಾಳಿ ಆ ಕಾಯಿಲಿನ ಪಾಲಿಗೆ ಒಲೆ ಇದ್ದಹಾಗೆ. ಗಾಳಿಯ ಶಾಖ ಕುಡಿದು ದ್ರವ ಆವಿಯಾಗುತ್ತದೆ, ಗಾಳಿ ತಣ್ಣಗಾಗುತ್ತದೆ.

ಕುಡಿದ ಶಾಖವನ್ನು ಹೊರಗೆ ಚೆಲ್ಲಬೇಕಲ್ಲ. ಹೊರಗೆ 38 ಡಿಗ್ರಿ ಬಿಸಿಲು. ಶಾಖ ಬಿಸಿಯಿಂದ ತಂಪಿನ ಕಡೆಗಷ್ಟೇ ಹರಿಯುತ್ತದೆ. ಆದ್ದರಿಂದ ಆವಿಯನ್ನು ಹೊರಗಿನ ಬಿಸಿಲಿಗಿಂತಲೂ ಬಿಸಿ ಮಾಡಬೇಕು. ಕಂಪ್ರೆಸರ್ ಮಾಡುವುದು ಅದನ್ನೇ: ಆವಿಯನ್ನು ಅದುಮಿ, 50 ಡಿಗ್ರಿಯಲ್ಲಿ ಮತ್ತೆ ದ್ರವವಾಗುವಷ್ಟು ಒತ್ತಡಕ್ಕೆ ಏರಿಸುತ್ತದೆ. ಆರ್-32ಕ್ಕೆ ಅದು ವಾತಾವರಣದ ಸುಮಾರು 31 ಪಟ್ಟು, ಕಾರಿನ ಟೈರಿನ ಗಾಳಿಗಿಂತ ಹನ್ನೆರಡು ಹದಿಮೂರು ಪಟ್ಟು ಹೆಚ್ಚು.  'ಟನ್' ಎಂಬ ಲೆಕ್ಕಕ್ಕೂ ಇದೇ ಶಾಖದ ಸಾಗಣೆ ಆಧಾರ. 907 ಕಿಲೊ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಆ ವೇಗಕ್ಕೆ ಒಂದು ಟನ್ ಎನ್ನುತ್ತಾರೆ. ಯಂತ್ರದ ತೂಕಕ್ಕೂ ಗ್ಯಾಸಿನ ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ಮೆಕ್ಯಾನಿಕ್ಕಿನ ಕೈಯಲ್ಲಿರುವ ಗೇಜನ್ನು ನೋಡೋಣ. ನೀಲಿ, ಕೆಂಪು, ಹಳದಿ ಪೈಪುಗಳ ಮ್ಯಾನಿಫೋಲ್ಡ್ ಗೇಜು. ನೀಲಿ ಪೈಪನ್ನು ಹೊರಗಿನ ಯೂನಿಟ್ಟಿನ ಸರ್ವಿಸ್ ವಾಲ್ವಿಗೆ ಸಿಕ್ಕಿಸಿ ಮುಳ್ಳು ನೋಡುತ್ತಾರೆ. ಹಳೆಯ ಆರ್-22 ಆದರೆ 60ರಿಂದ 70, ಆರ್-410ಎ ಅಥವಾ ಆರ್-32 ಆದರೆ 110ರಿಂದ 130 ಪಿಎಸ್‌ಐ, ಇದು ಕಸುಬಿನಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. ಮುಳ್ಳು ಕೆಳಗಿದ್ದರೆ 'ಗ್ಯಾಸ್ ಕಮ್ಮಿ', ಮೇಲೆ ಬರುವ ತನಕ ಬಿಡುವುದು. ಇದಕ್ಕೆ ಟಾಪ್ ಅಪ್ ಎಂದು ಹೆಸರು.

ನನ್ನ ತಕರಾರು ಇರುವುದು ಇಲ್ಲೇ. ಮನೆಯ ಸಿಲಿಂಡರ್ ತುಂಬಿದ್ದಾಗಲೂ ಮುಕ್ಕಾಲು ಖಾಲಿಯಾದಾಗಲೂ ಒಲೆ ಒಂದೇ ಸಮ ಉರಿಯುತ್ತದೆ. ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೂ ಒತ್ತಡ ಬದಲಾಗುವುದಿಲ್ಲ. ಅದು ಉಷ್ಣತೆಯನ್ನು ಹೇಳುತ್ತದೆಯೇ ಹೊರತು ಎಷ್ಟಿದೆ ಎಂಬುದನ್ನಲ್ಲ. ಅದಕ್ಕೇ ಸಿಲಿಂಡರ್ ತರುವವರು 14.2 ಕಿಲೊ ಎಂದು ತೂಗಿ ತೋರಿಸಬೇಕು; ಒತ್ತಡ ಅಳೆದು ತೋರಿಸುವುದಿಲ್ಲ. ಎಸಿ ಗೇಜಿನ ಮುಳ್ಳು ಕೂಡ ಮೊದಲು ಹೇಳುವುದು ಕಾಯಿಲಿನಲ್ಲಿ ಎಷ್ಟು ಡಿಗ್ರಿಯಲ್ಲಿ ಕುದಿತ ನಡೆದಿದೆ ಎಂಬುದನ್ನು. ಆ ಡಿಗ್ರಿ ಇಳಿಯಲು ಗ್ಯಾಸ್ ಕೊರತೆ ಒಂದು ಕಾರಣ ಅಷ್ಟೆ.

ಇನ್ನೊಂದು ಕಾರಣ ನಮ್ಮ ಕಡೆಯದ್ದೇ: ದೂಳು. ತುಮಕೂರು ರಸ್ತೆಯ ಲಾರಿಗಳು, ಅಗೆದ ರಸ್ತೆಗಳು, ಕಾರ್ಖಾನೆಗಳ ಪುಡಿ ಎಲ್ಲ ಸೇರಿ ಒಳಗಿನ ಫಿಲ್ಟರ್ ಕಂಬಳಿಯಂತಾಗಿರುತ್ತದೆ. ಗಾಳಿ ಸರಿಯಾಗಿ ಹಾಯದಿದ್ದರೆ ಕಾಯಿಲಿಗೆ ಶಾಖ ಸಿಗದು. ಕುದಿತ ಮಂದವಾಗುತ್ತದೆ, ಒತ್ತಡ ಇಳಿಯುತ್ತದೆ, ಉಷ್ಣತೆ ಸೊನ್ನೆಗಿಂತ ಕೆಳಗಿಳಿದು ಮಂಜು ಕಟ್ಟುತ್ತದೆ. ಗ್ಯಾಸ್ ಕಡಿಮೆಯಾದಾಗಲೂ ಮಂಜು ಕಟ್ಟುತ್ತದೆ, ಮುಳ್ಳು ಇಳಿಯುತ್ತದೆ. ಲಕ್ಷಣ ಒಂದೇ, ರೋಗ ಬೇರೆ. ಫಿಲ್ಟರ್ ನೋಡದೆ ಗ್ಯಾಸ್ ಬಿಟ್ಟರೆ ಮುಳ್ಳು ಮೇಲೇರುತ್ತದೆ, ಎಲ್ಲರಿಗೂ ಸಮಾಧಾನ. ಆಮೇಲೆ ಯಾರೋ ಫಿಲ್ಟರ್ ತೊಳೆಯುತ್ತಾರೆ. ಗಾಳಿ ಚೆನ್ನಾಗಿ ಹಾಯುತ್ತದೆ, ಒತ್ತಡ ಇರಬೇಕಾದ್ದಕ್ಕಿಂತ ಮೇಲೆ ಹೋಗುತ್ತದೆ, ಕರೆಂಟು ಹೆಚ್ಚು ಎಳೆಯುತ್ತದೆ. ಹೆಚ್ಚಾದ ದ್ರವ ಪೂರ್ತಿ ಆವಿಯಾಗದೆ ಕಂಪ್ರೆಸರಿಗೇ ಮರಳಿ ಬರಬಹುದು. ಆವಿಯನ್ನು ಅದುಮಬಹುದು, ದ್ರವವನ್ನು ಅದುಮಲಾಗದು. ಯಂತ್ರದ ಅತಿ ದುಬಾರಿ ಭಾಗ ಕೆಡುವುದು ಹೀಗೆ.

ಡಿಸೆಂಬರಿನ ತಣ್ಣನೆಯ ಸಂಜೆ ಗೇಜು ನೋಡಿ ತುಂಬಿದರೂ ಇದೇ ಮೋಸ. ಹೊರಗೆ 18 ಡಿಗ್ರಿ ಇದ್ದಾಗ ಒತ್ತಡಗಳೆಲ್ಲ ಸಹಜವಾಗಿಯೇ ಕೆಳಗಿರುತ್ತವೆ. ಇನ್ವರ್ಟರ್ ಎಸಿಗಳಲ್ಲಂತೂ ಕಂಪ್ರೆಸರಿನ ವೇಗವೇ ಗಳಿಗೆಗೊಂದು; ಮುಳ್ಳನ್ನು ನಂಬಿ ತುಂಬುವುದು ಓಡುವ ಬಸ್ಸಿನಲ್ಲಿ ನಿಂತು ತಕ್ಕಡಿ ಹಿಡಿದಂತೆ.

ಸರಿಯಾದ ದಾರಿ ಯಾವುದು? ಸೋರಿಕೆಯಿಂದಲೇ ಶುರು. ಮೊದಲು ನಾಲ್ಕು ಫ್ಲೇರ್ ಜಾಯಿಂಟು, ಆಮೇಲೆ ಸರ್ವಿಸ್ ವಾಲ್ವಿನ ಪಿನ್ನು, ಆಮೇಲೆ ಕಾಯಿಲಿನ ಬಾಗುಗಳು. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು ಇವತ್ತಿಗೂ ಒಳ್ಳೆಯ ವಿಧಾನ. ಗ್ಯಾಸ್ ಸೋರುವ ಕಡೆ ಸ್ವಲ್ಪ ಎಣ್ಣೆಯೂ ಬರುವುದರಿಂದ, ಅಲ್ಲಿ ದೂಳು ಅಂಟಿ ಜಿಡ್ಡು ಕಟ್ಟಿರುತ್ತದೆ. ಅನುಭವಿಗಳು ಅದನ್ನು ಕಣ್ಣಳತೆಯಲ್ಲೇ ಹಿಡಿಯುತ್ತಾರೆ. ಕೊಳಚೆ ಹರಿಯುವ ರಾಜಕಾಲುವೆಯ ಪಕ್ಕದ ಮನೆಗಳಲ್ಲಿ ಕಾಯಿಲನ್ನು ಇನ್ನೂ ಗಮನವಿಟ್ಟು ನೋಡಬೇಕು. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಕಪ್ಪಾಗಿಸಿ ತಿನ್ನುತ್ತದೆ. ಒಳಗಿನ ಕಾಯಿಲಿಗೂ ಬೇರೆ ಶತ್ರುಗಳಿವೆ. ಕೆಲವು ಸಾವಯವ ಆಮ್ಲಗಳ ಆವಿ ತಾಮ್ರದ ಗೋಡೆಯೊಳಗೆ ಇರುವೆ ಗೂಡಿನಂಥ ಸುರಂಗಗಳನ್ನು ಕೊರೆಯುತ್ತದೆ. ತೂತು ಕಣ್ಣಿಗೆ ಕಾಣುವುದೂ ಇಲ್ಲ.

ಗ್ಯಾಸ್ ಪೂರ್ತಿ ಹೋಗಿದ್ದರೆ ನೈಟ್ರೋಜನ್ ತುಂಬಿ ಒತ್ತಡದ ಪರೀಕ್ಷೆ ಮಾಡಬೇಕು. ಆಮ್ಲಜನಕ ಮಾತ್ರ ಯಾವ ಕಾರಣಕ್ಕೂ ಬೇಡ. ಪೀಣ್ಯದಂಥ ಜಾಗದಲ್ಲಿ ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರು ಕೈಗೆ ಸುಲಭವಾಗಿ ಸಿಗುತ್ತದೆ ಎಂಬುದೇ ಇಲ್ಲಿ ಅಪಾಯ. ಕಂಪ್ರೆಸರಿನ ಎಣ್ಣೆಯೂ ಒತ್ತಡದ ಆಮ್ಲಜನಕವೂ ಸೇರಿದರೆ ಅದು ಬಾಂಬು. ಹೊರಗಿನ ಗಾಳಿ ಒಳಸೇರಿರುವಾಗ ಕಂಪ್ರೆಸರ್ ಓಡಿಸುವುದೂ ಹಾಗೆಯೇ ಸಿಡಿತಕ್ಕೆ ದಾರಿ. ಜೀವ ಹೋಗುವ ತಪ್ಪುಗಳಿವು.

ತೂತು ಮುಚ್ಚಿದ ಮೇಲೆ ವ್ಯಾಕ್ಯೂಮ್. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಒಂದಿಷ್ಟು ಗ್ಯಾಸ್ ಬಿಟ್ಟು 'ಗಾಳಿ ಹೊರಗೆ ಹೋಯಿತು' ಎಂದು ನಟ್ಟು ಬಿಗಿಯುತ್ತಾರೆ. ಉಳಿದ ಗಾಳಿ ಎಂದೂ ದ್ರವವಾಗುವುದಿಲ್ಲ. ಹೊರಗಿನ ಕಾಯಿಲಿನಲ್ಲಿ ಜಾಗ ಹಿಡಿದು ಕೂತು ಒತ್ತಡ ಏರಿಸುತ್ತದೆ. ಅದಕ್ಕಿಂತ ಕೆಟ್ಟದ್ದು ತೇವ. ಆರ್-410ಎ ಮತ್ತು ಆರ್-32 ಯಂತ್ರಗಳ ಎಣ್ಣೆ ಹಳೆಯ ಖನಿಜ ಎಣ್ಣೆಯಲ್ಲ, ಹೆಚ್ಚಿನವುಗಳಲ್ಲಿ ನೀರನ್ನು ಆತುರದಿಂದ ಹೀರುವ ಎಸ್ಟರ್ ಎಣ್ಣೆ. ನೀರು ಸೇರಿದರೆ ಅದು ನಿಧಾನವಾಗಿ ಒಡೆದು ಆಮ್ಲವಾಗುತ್ತದೆ. ಆ ಆಮ್ಲ ಕಂಪ್ರೆಸರಿನ ವೈಂಡಿಂಗನ್ನು ತಿನ್ನುತ್ತದೆ.

ಪೈಪಿನ ಒಳಗೋಡೆಗೆ ಅಂಟಿದ ನೀರನ್ನು ಹೊರತೆಗೆಯುವುದು ಹೇಗೆ? ಕಲೆನ್ ಮಾಡಿದಂತೆಯೇ, ಕುದಿಸಿ. 26 ಡಿಗ್ರಿಯ ಕೋಣೆಯಲ್ಲಿ ಒತ್ತಡ ಪಾದರಸದ 25 ಮಿಲಿಮೀಟರಿಗಿಂತ ಕೆಳಗಿಳಿದರೆ ನೀರು ಅಲ್ಲೇ ಕುದಿಯತೊಡಗುತ್ತದೆ. ಪಂಪು ಆವಿಯನ್ನು ಎಳೆದು ಹಾಕುತ್ತದೆ. ಒಳ್ಳೆಯ ಕೆಲಸವೆಂದರೆ 500 ಮೈಕ್ರಾನ್, ಅಂದರೆ ಪಾದರಸದ ಅರ್ಧ ಮಿಲಿಮೀಟರು ಮುಟ್ಟಬೇಕು. ಆಮೇಲೆ ಪಂಪು ನಿಲ್ಲಿಸಿ ಕಾಯಬೇಕು. ಗೇಜಿನ ಅಂಕಿ ನಿಂತಲ್ಲೇ ನಿಂತರೆ ಒಣಗಿದೆ, ಸೋರುತ್ತಿಲ್ಲ. ಮೆಲ್ಲಗೆ ಏರಿ ನಿಂತರೆ ತೇವ ಉಳಿದಿದೆ. ಏರುತ್ತಲೇ ಹೋದರೆ ತೂತು ಇನ್ನೂ ಇದೆ.

ಬೆಂಗಳೂರಿಗೇ ಸೇರಿದ ಒಂದು ತೊಡಕು ಇಲ್ಲಿ ಬರುತ್ತದೆ. ಪುಸ್ತಕಗಳಲ್ಲಿ ಪೂರ್ತಿ ನಿರ್ವಾತ ಎಂದರೆ ನೀಲಿ ಗೇಜಿನ ಮುಳ್ಳು ಸೊನ್ನೆಯಿಂದ ಕೆಳಗೆ 30 ಇಂಚು ಹೋಗಬೇಕು ಎಂದಿರುತ್ತದೆ. ಅದು ಮಂಗಳೂರಿನ ಲೆಕ್ಕ. ಗೇಜು ಸೊನ್ನೆ ಎನ್ನುವುದು ತನ್ನ ಸುತ್ತಲಿನ ಗಾಳಿಯ ಒತ್ತಡಕ್ಕೆ. ನಮ್ಮ ಎತ್ತರದಲ್ಲಿ ಆ ಗಾಳಿಯೇ ಪಾದರಸದ 27 ಇಂಚಿನಷ್ಟು ಮಾತ್ರ. ಇರುವುದನ್ನೆಲ್ಲ ಹೀರಿದರೂ ಬಾಗಲಗುಂಟೆಯಲ್ಲಿ ಮುಳ್ಳು 27ರ ಹತ್ತಿರ ನಿಲ್ಲಲೇಬೇಕು. ಪಂಪು ಕೆಟ್ಟಿದೆ ಎಂದುಕೊಳ್ಳುವುದು ತಪ್ಪು. 27 ಬಂತಲ್ಲ ಎಂದು ನಿಶ್ಚಿಂತರಾಗುವುದೂ ತಪ್ಪು. 25 ಮಿಲಿಮೀಟರು ಎಂದರೆ ಬರೀ ಒಂದು ಇಂಚು. ನೀರು ಕುದಿಯತೊಡಗುವ ಹಂತಕ್ಕೂ ಪೂರ್ತಿ ಒಣಗಿದ ಹಂತಕ್ಕೂ ಆ ಗೇಜಿನ ಮೇಲೆ ಇರುವ ಅಂತರ ಅಷ್ಟೇ. ಅದಕ್ಕೆಂದೇ ಇರುವ ಮೈಕ್ರಾನ್ ಗೇಜು ಇಲ್ಲದೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಇದಕ್ಕೆಲ್ಲ ಹೊತ್ತು ಬೇಕು. ಪಂಪು ಅರ್ಧ ಗಂಟೆಯಾದರೂ ಓಡಬೇಕು, ಹತ್ತು ಹದಿನೈದು ನಿಮಿಷ ಸುಮ್ಮನೆ ಕಾಯಬೇಕು. ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ಮನೆ ಸುತ್ತುವ ಹುಡುಗನಿಗೆ ಆ ಹೊತ್ತನ್ನು ಯಾರೂ ಕೊಡುವುದಿಲ್ಲ. ಐಟಿಐಯಲ್ಲಿ ಎರಡು ವರ್ಷ ಈ ವಿದ್ಯೆ ಕಲಿತು ಬಂದವರೂ ಮನೆಯವರು ಗಡಿಯಾರ ನೋಡುತ್ತಿದ್ದರೆ ಪಂಪನ್ನು ಗಾಡಿಯಲ್ಲೇ ಬಿಟ್ಟು ಬರುತ್ತಾರೆ. ಅವರನ್ನಷ್ಟೇ ದೂರುವುದು ನ್ಯಾಯವಲ್ಲ. ಗ್ಯಾಸಿಗೆ ಇಷ್ಟು ಎಂದು ದುಡ್ಡು ಕೊಡುವ ನಾವು, ಒಣಗಿಸುವ ಹೊತ್ತಿಗೂ ತೂತು ಹುಡುಕುವ ಹೊತ್ತಿಗೂ ಕೊಡುವುದನ್ನು ಕಲಿಯಬೇಕು.

ಕೊನೆಯ ಹೆಜ್ಜೆ ತೂಕ. ಹೊರಗಿನ ಯೂನಿಟ್ಟಿನ ಪಕ್ಕದಲ್ಲಿ ಅಂಟಿಸಿದ ಲೇಬಲ್ಲಿನ ಮೇಲೆ ಯಾವ ಗ್ಯಾಸು, ಎಷ್ಟು ಎಂದು ಬರೆದಿರುತ್ತದೆ. ಸಿಲಿಂಡರನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಅಷ್ಟನ್ನೇ ಬಿಡಬೇಕು. ಕಂಪನಿ ಹೇಳಿದ ಅಳತೆಗಿಂತ ಪೈಪು ಉದ್ದವಿದ್ದರೆ ಮೀಟರಿಗೆ ಸಾಮಾನ್ಯವಾಗಿ 15ರಿಂದ 20 ಗ್ರಾಂ ಹೆಚ್ಚು. ಆರ್-410ಎ ಆದರೆ ಸಿಲಿಂಡರನ್ನು ಬೋರಲು ಹಾಕಿ ದ್ರವವಾಗಿಯೇ ಕೊಡಬೇಕು. ಅದು ಆರ್-32 ಮತ್ತು ಆರ್-125ನ್ನು ಸಮತೂಕದಲ್ಲಿ ಬೆರೆಸಿದ್ದು. ಆವಿಯಾಗಿ ಬಿಟ್ಟರೆ ಬೆರಕೆಯ ಅಳತೆ ಕದಲುತ್ತದೆ. ಆರ್-32 ಒಂದೇ ವಸ್ತು, ಆ ತಾಪತ್ರಯವಿಲ್ಲ. ಒಂದು ಗ್ಯಾಸಿನ ಯಂತ್ರಕ್ಕೆ ಇನ್ನೊಂದು ಗ್ಯಾಸ್ ಹಾಕುವುದು ಮಾತ್ರ ಸಲ್ಲದು.

ಆರ್-32 ಸ್ವಲ್ಪ ಉರಿಯುವ ಗ್ಯಾಸು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ 800 ಗ್ರಾಂ ಪೂರ್ತಿ ಸೋರಿ ಸಮನಾಗಿ ಹರಡಿದರೂ, ಬೆಂಕಿ ಹಿಡಿಯಲು ಬೇಕಾದ ಸಾಂದ್ರತೆಯ ಹತ್ತನೇ ಒಂದು ಪಾಲೂ ಆಗದು. ಆದರೆ ಅದು ಗಾಳಿಗಿಂತ ಭಾರ, ನೆಲದ ಬಳಿ ಮಡುಗಟ್ಟುತ್ತದೆ. ಆದ್ದರಿಂದ ಕಿಟಕಿ ತೆರೆದು ಕೆಲಸ ಮಾಡಬೇಕು. ಗ್ಯಾಸ್ ಇರುವ ಪೈಪಿಗೆ ಬ್ರೇಜಿಂಗ್ ಜ್ವಾಲೆ ತಾಗಿಸಬಾರದು. ಜ್ವಾಲೆಯಲ್ಲಿ ಅದು ಒಡೆದು ವಿಷದ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ.

ಸೋರಿ ಹೋದದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಉಳಿಯಿತು. ಆಕಾಶಕ್ಕೆ. ಆರ್-22ರಲ್ಲಿ ಕ್ಲೋರಿನ್ ಇತ್ತು. ಅದರ ಅಣ್ಣತಮ್ಮಂದಿರಾದ ಸಿಎಫ್‌ಸಿಗಳು ಓಜೋನ್ ಪದರವನ್ನು ಕಡಿಯುತ್ತವೆ ಎಂದು ಮೊಲೀನಾ ಮತ್ತು ರೋಲಂಡ್ 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಜೋನ್ ರಂಧ್ರದ ವರದಿ ಬಂತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತ ಸೇರಿತು. ಹೊಸ ಗ್ಯಾಸುಗಳಲ್ಲಿ ಕ್ಲೋರಿನ್ ಇಲ್ಲ, ಓಜೋನ್ ಉಳಿಯಿತು. ಆದರೆ ಅವು ಭೂಮಿಗೆ ಹೊದಿಸುವ ಕಂಬಳಿ ದಪ್ಪ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೊ ಆರ್-410ಎ 2,088 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ; ಆರ್-32 ಆದರೆ 675 ಕಿಲೊಗೆ. ಇವನ್ನೂ ತಗ್ಗಿಸಲು 2016ರಲ್ಲಿ ಕಿಗಾಲಿಯಲ್ಲಿ ತಿದ್ದುಪಡಿಯಾಯಿತು. ಭಾರತ 2021ರಲ್ಲಿ ಒಪ್ಪಿಕೊಂಡಿದೆ. 2047ರ ಹೊತ್ತಿಗೆ ಬಳಕೆಯನ್ನು ಶೇಕಡ 85ರಷ್ಟು ಇಳಿಸಬೇಕು. ಪ್ರೊಪೇನ್, ಅಂದರೆ ಅಡುಗೆ ಅನಿಲದಲ್ಲೇ ಇರುವ ವಸ್ತುವನ್ನು ಆರ್-290 ಎಂಬ ಹೆಸರಿನಲ್ಲಿ ತುಂಬಿದ ಎಸಿಗಳು ನಮ್ಮಲ್ಲೂ ಬಂದಿವೆ. ಅದರ ಕಂಬಳಿ ತೀರಾ ತೆಳು, ಬೆಂಕಿಯ ಭಯ ಹೆಚ್ಚು.

ಒಪ್ಪಂದದ ಈ ಅಂಕಿಗಳನ್ನು ಒಂದು ಬಾಲ್ಕನಿಗೆ ಇಳಿಸಿ ನೋಡಿದರೆ ಲೆಕ್ಕ ಹೀಗೆ. 800 ಗ್ರಾಂ ಆರ್-32 ಸೋರಿದರೆ 540 ಕಿಲೊ ಇಂಗಾಲದ ಡೈಆಕ್ಸೈಡಿನ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ. ಅಂದರೆ ಹತ್ತಿರ ಹತ್ತಿರ 235 ಲೀಟರ್. ಲೀಟರಿಗೆ 45 ಕಿಲೊಮೀಟರ್ ಕೊಡುವ ಸ್ಕೂಟರಿನಲ್ಲಿ ಹತ್ತು ಸಾವಿರ ಕಿಲೊಮೀಟರಿಗೂ ಹೆಚ್ಚು. ಬಾಗಲಗುಂಟೆಯಿಂದ ಪೀಣ್ಯದ ಕಾರ್ಖಾನೆಗೆ ಹೋಗಿ ಬರಲು ದಿನಕ್ಕೆ ಹತ್ತು ಕಿಲೊಮೀಟರ್ ಹಿಡಿದರೆ ಮೂರು ವರ್ಷದ ಓಡಾಟ. ಪ್ರತಿ ಯುಗಾದಿಗೂ ಟಾಪ್ ಅಪ್ ಮಾಡಿಸುವ ಮನೆ, ಅಷ್ಟು ಪೆಟ್ರೋಲನ್ನು ತನಗೆ ಗೊತ್ತಿಲ್ಲದೆಯೇ ಕಂತಿನಲ್ಲಿ ಸುಡುತ್ತಿರುತ್ತದೆ.

ಒಬ್ಬ ಮೆಕ್ಯಾನಿಕ್ಕಿನ ಕೆಲಸವನ್ನು ಮಧ್ಯಾಹ್ನವೆಲ್ಲ ಕೂತು ನೋಡಿದ್ದೇನೆ. ನಡುವಯಸ್ಸಿನವರು, ಮಾತು ಕಡಿಮೆ. ಸೋರುತ್ತಿದ್ದದ್ದು ಒಳಗಿನ ಯೂನಿಟ್ಟಿನ ಸಣ್ಣ ಪೈಪಿನ ಫ್ಲೇರು. ಹಿಂದೆ ಬಿಗಿದವರು ಅತಿಯಾಗಿ ಬಿಗಿದು ಅಂಚು ಸೀಳಿತ್ತು. ಅದನ್ನು ಕತ್ತರಿಸಿ, ಹೊಸದಾಗಿ ಅರಳಿಸಿ, ಬಾಯಿಗೆ ಒಂದು ತೊಟ್ಟು ಎಣ್ಣೆ ಸವರಿ, ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿದರು. ಪಂಪು ಓಡುವಷ್ಟು ಹೊತ್ತೂ ತಾರಸಿಯ ಮೆಟ್ಟಿಲ ಮೇಲೆ ಕೂತು ಟೀ ಕುಡಿದರು. ಲೇಬಲ್ಲಿನಲ್ಲಿ 790 ಗ್ರಾಂ ಎಂದಿತ್ತು. ಪೈಪನ್ನು ಟೇಪಿನಲ್ಲಿ ಅಳೆದರು: 9 ಮೀಟರ್. 5 ಮೀಟರಿನ ಆಚೆಗೆ ಮೀಟರಿಗೆ 20ರಂತೆ 80 ಗ್ರಾಂ ಸೇರಿಸಿದರು. ತಕ್ಕಡಿಯ ಅಂಕಿ ಇಳಿಯುತ್ತಾ 870 ಹೋದ ಕ್ಷಣಕ್ಕೆ ವಾಲ್ವು ತಿರುಗಿಸಿದರು.

"ಮುಂದಿನ ವರ್ಷ ಮತ್ತೆ ಫೋನ್ ಮಾಡ್ಬೇಕೇನಪ್ಪ?" ಎಂದು ಮನೆಯ ಅಜ್ಜಿ ಕೇಳಿದರು.

"ಫಿಲ್ಟರ್ ತಿಂಗಳಿಗೊಂದು ಸಲ ತೊಳೀರಿ ಅಜ್ಜಿ. ಗ್ಯಾಸಿಗೆ ಅಂತ ಫೋನ್ ಮಾಡೋ ಹಾಗಿಲ್ಲ."

ಜೇಬಿನಿಂದ ಮಾರ್ಕರ್ ತೆಗೆದು, ಹೊರಗಿನ ಯೂನಿಟ್ಟಿನ ಮುಚ್ಚಳದ ಒಳಮೈಗೆ ದಿನಾಂಕ, ಆರ್-32, 870 ಗ್ರಾಂ ಎಂದು ಬರೆದು, ವಾಲ್ವಿನ ಹಿತ್ತಾಳೆ ಟೋಪಿಗಳನ್ನು ಒಂದೊಂದಾಗಿ ಬಿಗಿದು ಎದ್ದರು.